ಕಾರ್ಡು ನೀವೇ ಮಾಡಿ: ಆಂಕಿಯಲ್ಲಿ ವಿದೇಶಿ ಭಾಷೆ ಕಲಿಯುವ ಕ್ರಮ

ಮೇಷ್ಟರಿಲ್ಲದೆ, ಸಾಫ್ಟ್‌ವೇರನ್ನೇ ನಂಬಿಕೊಂಡು ಹೊಸ ಭಾಷೆಗೆ ಕೈಹಾಕಿದವರು ಮೊದಲ ವಾರದಲ್ಲಿ ಸೋಲುವುದಿಲ್ಲ. ಆಗ ಎಲ್ಲವೂ ಹೊಸದು, ಹುರುಪೂ ಇರುತ್ತದೆ. ಸೋಲು ಶುರುವಾಗುವುದು ಎರಡು ಮೂರು ತಿಂಗಳಾದ ಮೇಲೆ. ಬೆಳಿಗ್ಗೆ ಪ್ರೋಗ್ರಾಂ ತೆರೆದರೆ, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರುವ ನಾನೂರು ಕಾರ್ಡುಗಳು ಬಾಕಿ ನಿಂತಿರುತ್ತವೆ, ಅರ್ಧಕ್ಕರ್ಧ ನೆನಪಿಗೆ ಬರುವುದಿಲ್ಲ, ಬಂದ ಪದಗಳೂ ಯಾರದೋ ಮಾತಿನ ನಡುವೆ ಕಿವಿಗೆ ಬಿದ್ದಾಗ ಗುರುತು ಸಿಗುವುದಿಲ್ಲ. ತಮಗೆ ಭಾಷೆ ಹತ್ತುವುದಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ. ಹತ್ತದಿರುವುದಕ್ಕೆ ಕಾರಣ ತಲೆಯಲ್ಲ. ದಿನಕ್ಕೆ ಎಷ್ಟು ಹೊಸ ಕಾರ್ಡು ಎಂಬ ಲೆಕ್ಕ ತಪ್ಪಿರುತ್ತದೆ, ಇಲ್ಲವೇ ಕಾರ್ಡಿನೊಳಗೆ ಏನಿರಬೇಕು ಎಂಬುದನ್ನು ಬೇರೆ ಯಾರೋ ತೀರ್ಮಾನಿಸಿರುತ್ತಾರೆ. ಎರಡನ್ನೂ ಕಲಿಯುವವರೇ ಸರಿಮಾಡಿಕೊಳ್ಳಬಹುದು.

ಇಲ್ಲಿ ಮುಖ್ಯವಾಗಿ ಆಂಕಿಯನ್ನೇ ಇಟ್ಟುಕೊಂಡು ಬರೆಯುತ್ತೇವೆ. ಅದು ಪ್ರತಿ ಕಾರ್ಡನ್ನೂ ನೀವು ಮರೆಯುವ ಹೊತ್ತಿಗೆ ಮತ್ತೆ ಕೇಳುತ್ತದೆ, ನೆನಪಾದಂತೆಲ್ಲ ಕೇಳುವ ಅಂತರವನ್ನು ಹಿಗ್ಗಿಸುತ್ತದೆ. ಡೇಮಿಯನ್ ಎಲ್ಮ್ಸ್ 2006ರಲ್ಲಿ ಹೊರತಂದ ಈ ಪ್ರೋಗ್ರಾಂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತ. ಆಂಡ್ರಾಯ್ಡ್ ಫೋನಿಗೆ ಆಂಕಿಡ್ರಾಯ್ಡ್ ಕೂಡ ಉಚಿತ, ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ ಹಣ ಕೊಡಬೇಕು. ಉಚಿತ ಎಂಬುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಕಾರ್ಡಿನ ರೂಪ, ಅಂತರದ ಲೆಕ್ಕ, ಧ್ವನಿ, ಅಕ್ಷರ ಎಲ್ಲವೂ ನಿಮ್ಮ ಕೈಗೆ ಸಿಗುತ್ತವೆ. ಅದೇ ಅದರ ಕಷ್ಟವೂ ಹೌದು. ಏನನ್ನೂ ಹೇಳಿಕೊಡದೆ ಖಾಲಿ ಪರದೆ ಮುಂದಿಡುತ್ತದೆ.

ಮೊದಲು ಕಿವಿ

ಪದ ಕೂಡಿಹಾಕುವ ಮೊದಲು ಎರಡು ಮೂರು ವಾರ ಧ್ವನಿಗೆ ಕೊಡಿ. ಕಿವಿ ಬೇರ್ಪಡಿಸಲಾಗದ ಎರಡು ಧ್ವನಿಗಳನ್ನು ನೆನಪು ಬೇರೆಬೇರೆಯಾಗಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಕೇಳಿಸದ ವ್ಯತ್ಯಾಸವಿರುವ ಪದಗಳು ಕಾರ್ಡಿನಲ್ಲಿ ಮತ್ತೆ ಮತ್ತೆ ತಪ್ಪುತ್ತಲೇ ಇರುತ್ತವೆ, ಅದು ಮರೆವಿನಂತೆ ಕಾಣುತ್ತದೆ.

ಇದಕ್ಕೆ ಜೋಡಿ ಪದಗಳ ಕಾರ್ಡು ಮಾಡಬೇಕು. ಒಂದೇ ಒಂದು ಧ್ವನಿಯಲ್ಲಿ ವ್ಯತ್ಯಾಸವಿರುವ ಎರಡು ಪದ ಆರಿಸಿ. ಮುಂಭಾಗದಲ್ಲಿ ಧ್ವನಿ ಮಾತ್ರ ಇರಲಿ, ಕೆಳಗೆ ಎರಡೂ ಪದಗಳ ಬರಹ. ಯಾವುದು ಎಂದು ಮನಸ್ಸಿನಲ್ಲಿ ತೀರ್ಮಾನಿಸಿ ತಿರುಗಿಸಿದರೆ ಹಿಂದೆ ಉತ್ತರ. ಪ್ರತಿ ಪದಕ್ಕೂ ಕನಿಷ್ಠ ನಾಲ್ಕು ಐದು ಬೇರೆ ಬೇರೆ ಜನರ ದನಿ ಬೇಕು, ಗಂಡಸರದ್ದೂ ಹೆಂಗಸರದ್ದೂ. ಒಬ್ಬರದೇ ದನಿಯಾದರೆ ನೀವು ಭಾಷೆಯ ಧ್ವನಿಯ ಬದಲು ಆ ಒಂದು ರೆಕಾರ್ಡಿಂಗನ್ನು ಕಲಿತುಬಿಡುತ್ತೀರಿ. ಜಪಾನೀ ಮಾತುಗಾರರಿಗೆ ಇಂಗ್ಲಿಷಿನ ರ, ಲ ಧ್ವನಿಗಳ ಭೇದ ಕೇಳಿಸುವಂತೆ ಮಾಡಲು ಅಮೆರಿಕದ ಸಂಶೋಧಕರು 1990ರ ದಶಕದ ಆರಂಭದಲ್ಲಿ ನಡೆಸಿದ ತರಬೇತಿಗಳು ನಿಂತದ್ದು ಈ ತತ್ವದ ಮೇಲೆ: ಹಲವು ದನಿ, ಹಲವು ಪದ, ಪ್ರತಿ ಸಲವೂ ತಕ್ಷಣ ಸರಿ-ತಪ್ಪಿನ ಉತ್ತರ. ಒಂದೇ ಪದವನ್ನು ಬೇರೆ ಬೇರೆ ಜನ ಹೇಳಿರುವ ರೆಕಾರ್ಡಿಂಗ್‌ಗಳು ಫೊರ್ವೊ ತಾಣದಲ್ಲಿ ಸಿಗುತ್ತವೆ. ವಿಕ್ಷನರಿಯ ಪದಗಳಲ್ಲೂ ಹಲವಕ್ಕೆ ಧ್ವನಿ ಉಂಟು.

ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಬಹಳ ಜನರಿಗೆ ಇದೆ. ಮೊದಲ ವಾರಕ್ಕೆ ಸರಿ, ಆಮೇಲೆ ಬೇಡ. ಎ, ಒ ಸ್ವರಗಳಲ್ಲಿ ಹ್ರಸ್ವ ದೀರ್ಘ ಎರಡೂ ಇರುವುದರಿಂದ ಜಪಾನಿಯ ಸ್ವರಗಳಿಗೆ ನಮ್ಮ ಲಿಪಿ ಚೆನ್ನಾಗಿ ಒಗ್ಗುತ್ತದೆ, ಆದರೆ ದನಿಯ ಏರಿಳಿತವನ್ನು ಅದು ಹಿಡಿಯುವುದಿಲ್ಲ. ಟೋಕಿಯೋ ಮಾತಿನಲ್ಲಿ ‘ಹಶಿ’ಯ ಮೊದಲ ಭಾಗ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ. ಚೀನೀ ಕಲಿಯುವಾಗ ಇದರ ತಿರುಗುಮುರುಗು. ಚೀನೀಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್ಯಿನ್ ಬರಹದಲ್ಲಿ ‘ಬಿ’ ಅಕ್ಷರ ನಮ್ಮ ಬ ಅಲ್ಲ, ಅಲ್ಪಪ್ರಾಣದ ಪ. ರೋಮನ್ ‘ಪಿ’ ಅಕ್ಷರ ಅದರ ಮಹಾಪ್ರಾಣ. ‘ಡಿ’, ‘ಟಿ’ಗಳೂ ಹಾಗೆಯೇ ತ ಮತ್ತು ಥಗಳ ಹತ್ತಿರ. ಅಲ್ಪಪ್ರಾಣ ಮಹಾಪ್ರಾಣ ಗೊತ್ತಿರುವ ಕಿವಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಆದರೆ ರೋಮನ್ ಅಕ್ಷರ ನೋಡಿ ಇಂಗ್ಲಿಷಿನ ಹಾಗೆ ಓದಿದರೆ ಆ ಅನುಕೂಲ ಹಾಳಾಗುತ್ತದೆ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ನಿಮ್ಮ ಭಾಷೆಗೆ ಬೇಕಾದ ಮೂವತ್ತು ನಲವತ್ತು ಗುರುತುಗಳನ್ನು ಕಲಿತುಬಿಟ್ಟರೆ ಈ ಗೊಂದಲವೇ ಇರುವುದಿಲ್ಲ.

ನಿಮ್ಮ ದನಿಯನ್ನು ಪರೀಕ್ಷಿಸಲು ಧ್ವನಿ ಮುದ್ರಿಸುವ, ಕತ್ತರಿಸುವ ಆಡಾಸಿಟಿ ಎಂಬ ಪ್ರೋಗ್ರಾಂ ಸಾಕು. ಮೂಲದ ಒಂದು ವಾಕ್ಯವನ್ನು ಮೇಲಿನ ಟ್ರ್ಯಾಕಿನಲ್ಲಿ ಇಟ್ಟು, ಕೆಳಗೆ ನಿಮ್ಮದನ್ನು ರೆಕಾರ್ಡ್ ಮಾಡಿ ಒಂದರ ಹಿಂದೆ ಒಂದು ಕೇಳಿ. ಎಲ್ಲಿ ಎಳೆದಿದ್ದೀರಿ, ಎಲ್ಲಿ ನುಂಗಿದ್ದೀರಿ ಎಂಬುದು ಅಲೆಯ ಉದ್ದದಲ್ಲೇ ಕಾಣುತ್ತದೆ. ಏರಿಳಿತ ನೋಡಬೇಕಾದ ಭಾಷೆಗೆ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ ಪ್ರಾಟ್ ಎಂಬ ಉಚಿತ ಪ್ರೋಗ್ರಾಂ ಇದೆ. ಧ್ವನಿ ತೆರೆದು ಪಿಚ್ ತೋರಿಸಲು ಹೇಳಿದರೆ ಗೆರೆಯೊಂದು ಬರುತ್ತದೆ. ಗಂಡಸಿನ ದನಿಗೆ ವ್ಯಾಪ್ತಿಯನ್ನು 75ರಿಂದ 300 ಹರ್ಟ್ಜ್, ಹೆಂಗಸಿನ ದನಿಗೆ 100ರಿಂದ 500 ಹರ್ಟ್ಜ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗೆರೆ ಒಮ್ಮೆಲೇ ಮೇಲಕ್ಕೋ ಕೆಳಕ್ಕೋ ಹಾರಿ ಸುಳ್ಳು ತೋರಿಸುತ್ತದೆ.

ಹೊಸ ಕಾರ್ಡಿನ ಲೆಕ್ಕ

ಆಂಕಿಯನ್ನು ಹಾಕಿಕೊಂಡಾಗ ದಿನಕ್ಕೆ 20 ಹೊಸ ಕಾರ್ಡು, 200 ಪುನರಾವರ್ತನೆ ಎಂಬ ಮಿತಿ ಮೊದಲೇ ಇರುತ್ತದೆ. ದಿನಕ್ಕೆ ಎಷ್ಟು ಹೊಸ ಕಾರ್ಡೋ ಅದರ ಸುಮಾರು ಹತ್ತು ಪಟ್ಟು ಪುನರಾವರ್ತನೆ ಬರುತ್ತದೆ ಎಂಬ ಅಂದಾಜಿನ ಮೇಲೆ ಆ ಜೋಡಿ ನಿಂತಿದೆ. ಒಂದು ಕಾರ್ಡಿಗೆ 8 ಸೆಕೆಂಡ್ ಹಿಡಿದರೂ 200 ಕಾರ್ಡಿಗೆ 27 ನಿಮಿಷ ಆಯಿತು. ಅದರ ಮೇಲೆ ಹೊಸ ಕಾರ್ಡುಗಳನ್ನು ಮಾಡುವ, ಕಲಿಯುವ ಹೊತ್ತು ಬೇರೆ. ಮೊದಲ ವಾರ ಈ ಭಾರ ಕಾಣುವುದೇ ಇಲ್ಲ, ಏಕೆಂದರೆ ಹಿಂದಿನ ಕಾರ್ಡುಗಳು ಇನ್ನೂ ಸಾಲುಗಟ್ಟಿರುವುದಿಲ್ಲ. ಇಂದು ಸುಲಭವೆನಿಸಿತೆಂದು 40 ಸೇರಿಸಿದವರು ಒಂದೂವರೆ ತಿಂಗಳ ಹೊತ್ತಿಗೆ ದಿನಕ್ಕೆ ಮುನ್ನೂರು ನಾನೂರು ಕಾರ್ಡಿನ ಸಾಲ ತೀರಿಸುತ್ತಿರುತ್ತಾರೆ.

ದಿನಕ್ಕೆ ಒಂದು ಗಂಟೆ ಇರುವವರಿಗೆ 8ರಿಂದ 10 ಹೊಸ ಕಾರ್ಡು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹತ್ತರಂತೆ ನಡೆದರೆ ವರ್ಷಕ್ಕೆ 3,650 ಆಗುತ್ತದೆ, ಅದು ಕಡಿಮೆಯಲ್ಲ. ಕಾರ್ಡುಗಳಿಗೆ ಹೋಗುವ ಹೊತ್ತು ಗಂಟೆಯಲ್ಲಿ ಇಪ್ಪತ್ತು ನಿಮಿಷ ದಾಟಬಾರದು. ಉಳಿದ ನಲವತ್ತು ನಿಮಿಷ ಓದಿಗೆ, ಕೇಳ್ಮೆಗೆ, ಬರಹಕ್ಕೆ ಬೇಕು. ಕಾರ್ಡು ಮಾಡುವುದು ತಾನೇ ಭಾಷೆ ಕಲಿಯುವುದಲ್ಲ. ಓದಿನಲ್ಲಿ ಸಿಕ್ಕಿದ್ದು ಜಾರಿಹೋಗದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಓದು ನಿಂತರೆ ಹಿಡಿದಿಡಲು ಏನೂ ಇರುವುದಿಲ್ಲ.

ಸಂಖ್ಯೆಯನ್ನು ಹೆಚ್ಚಿಸಬೇಕೆನಿಸಿದರೆ ಮೂರು ವಾರ ಕಾದು ದಿನದ ಪುನರಾವರ್ತನೆ ಎಲ್ಲಿ ನಿಂತಿದೆ ನೋಡಿ. ಅದು ಏರುವುದು ನಿಂತ ಮೇಲೆ ಎರಡು ಕಾರ್ಡು ಹೆಚ್ಚಿಸಿ, ಮತ್ತೆ ಮೂರು ವಾರ ನೋಡಿ.

ಒಳ್ಳೆಯ ಕಾರ್ಡು ಹೇಗಿರುತ್ತದೆ

ಬೇರೆಯವರು ಮಾಡಿಟ್ಟ ಐದು ಸಾವಿರ ಪದಗಳ ಡೆಕ್ಕನ್ನು (ಕಾರ್ಡುಗಳ ಕಟ್ಟನ್ನು) ಇಳಿಸಿಕೊಂಡು ಶುರುಮಾಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಅತಿ ಹೆಚ್ಚು ಬಳಕೆಯ ಮೊದಲ ಐನೂರು ಸಾವಿರ ಪದಗಳಿಗೆ ಅದು ನಡೆಯುತ್ತದೆ, ಏಕೆಂದರೆ ಆ ಪದಗಳು ಏನು ಓದಿದರೂ ಎದುರಾಗುತ್ತವೆ. ಅಲ್ಲಿಂದ ಮುಂದಕ್ಕೆ ಸಿದ್ಧ ಡೆಕ್ಕು ಕೆಲಸ ಕೆಡಿಸುತ್ತದೆ. ನೀವು ಎಲ್ಲೂ ಕಾಣದ ಪದ, ನಿಮಗೆ ಸಂಬಂಧವಿಲ್ಲದ ವಾಕ್ಯ, ಅದಕ್ಕೆ ಅಂಟಿಕೊಳ್ಳಲು ನೆನಪಿನಲ್ಲಿ ಏನೂ ಇಲ್ಲ. ನೀವೇ ಓದುತ್ತಿದ್ದ ಲೇಖನದಿಂದ ಎತ್ತಿದ ವಾಕ್ಯವಾದರೆ ಯಾರು ಹೇಳಿದ್ದು, ಯಾಕೆ ಹೇಳಿದ್ದು, ಮುಂದೇನಾಯಿತು ಎಲ್ಲವೂ ಅದರ ಜೊತೆಗೇ ಬರುತ್ತವೆ.

ಕಾರ್ಡಿನ ಮೊದಲ ನಿಯಮ: ಒಂದು ಕಾರ್ಡು, ಒಂದು ಪ್ರಶ್ನೆ. ಒಂದು ಪದದ ಆರು ಅರ್ಥಗಳನ್ನು ನಿಘಂಟಿನಿಂದ ತಂದು ಹಿಂಭಾಗಕ್ಕೆ ಸುರಿದರೆ ಏನಾಗುತ್ತದೆ ನೋಡಿ. ಇವತ್ತು ಮೂರು ನೆನಪಾಗುತ್ತವೆ, ನಾಳೆ ಬೇರೆ ನಾಲ್ಕು. ಸರಿ ಎನ್ನಬೇಕೋ ತಪ್ಪು ಎನ್ನಬೇಕೋ ನಿಮಗೇ ತಿಳಿಯುವುದಿಲ್ಲ, ನಿಮ್ಮ ಉತ್ತರದ ಮೇಲೆ ಅಂತರ ಲೆಕ್ಕ ಹಾಕುವ ಪ್ರೋಗ್ರಾಮಿಗೂ ತಿಳಿಯುವುದಿಲ್ಲ. ಆ ವಾಕ್ಯದಲ್ಲಿ ಆ ಪದಕ್ಕೆ ಇರುವ ಒಂದು ಅರ್ಥ ಸಾಕು. ಇನ್ನೊಂದು ಅರ್ಥ ಇನ್ನೊಂದು ಕಡೆ ಸಿಕ್ಕಾಗ ಇನ್ನೊಂದು ಕಾರ್ಡು.

ನಾವು ಶಿಫಾರಸು ಮಾಡುವ ರೂಪ ಹೀಗಿದೆ. ಮುಂಭಾಗದಲ್ಲಿ ಪೂರ್ತಿ ವಾಕ್ಯ, ಕಲಿಯಬೇಕಾದ ಪದ ದಪ್ಪ ಅಕ್ಷರದಲ್ಲಿ. ವಾಕ್ಯದಲ್ಲಿ ಗೊತ್ತಿಲ್ಲದ್ದು ಆ ಪದ ಒಂದೇ ಆಗಿರಬೇಕು. ಎರಡಿದ್ದರೆ ಬೇರೆ ವಾಕ್ಯ ಹುಡುಕಿ. ಹಿಂಭಾಗದಲ್ಲಿ ಆ ಪದದ ಅರ್ಥ ಕನ್ನಡದಲ್ಲಿ ನಾಲ್ಕೈದು ಮಾತಿನಲ್ಲಿ, ಪದದ ಉಚ್ಚಾರದ ಧ್ವನಿ, ಸಾಧ್ಯವಾದರೆ ಇಡೀ ವಾಕ್ಯದ ಧ್ವನಿ. ಮೂರ್ತ ವಸ್ತುಗಳಿಗೆ ಅರ್ಥದ ಬದಲು ಒಂದು ಚಿತ್ರ ಇಡಬಹುದು. ಗುಣ, ಭಾವ, ಸಂಬಂಧ ಹೇಳುವ ಪದಗಳಿಗೆ ಚಿತ್ರ ಹುಡುಕುತ್ತ ಹೊತ್ತು ಕಳೆಯಬೇಡಿ. ಒಂದು ಕಾರ್ಡು ಮಾಡಲು ಎರಡು ನಿಮಿಷ ಮೀರಿದರೆ ನೀವು ಕಲಿಕೆ ಬಿಟ್ಟು ಅಲಂಕಾರಕ್ಕೆ ಇಳಿದಿದ್ದೀರಿ ಎಂದರ್ಥ.

ವ್ಯಾಕರಣಕ್ಕೆ ಕ್ಲೋಜ್ ಕಾರ್ಡಿನಷ್ಟು ಒಳ್ಳೆಯದು ಬೇರೆ ಇಲ್ಲ. ವಾಕ್ಯದ ಒಂದು ತುಣುಕನ್ನು ಮುಚ್ಚಿ ಅದನ್ನೇ ಕೇಳುವುದು. ಜಪಾನಿಯಲ್ಲಿ ಗ್ರಂಥಾಲಯದಲ್ಲಿ ಓದುತ್ತೇನೆ ಎನ್ನಲು ‘ತೊಶೊಕನ್ ದೆ ಬೆಂಕ್ಯೋ ಶಿಮಸು’, ಗ್ರಂಥಾಲಯದಲ್ಲಿ ಇದ್ದೇನೆ ಎನ್ನಲು ‘ತೊಶೊಕನ್ ನಿ ಇಮಸು’. ಕನ್ನಡದಲ್ಲಿ ಎರಡಕ್ಕೂ ‘ಅಲ್ಲಿ’ ಪ್ರತ್ಯಯ ಒಂದೇ ಇರುವುದರಿಂದ ನಮ್ಮವರು ಇಲ್ಲಿ ತಪ್ಪುವುದು ಖಂಡಿತ. ನಿಯಮ ಬರೆದ ಕಾರ್ಡು ಇದಕ್ಕೆ ಪ್ರಯೋಜನವಿಲ್ಲ. ನಿಯಮ ನೆನಪಿರುತ್ತದೆ, ಬಾಯಿ ತಪ್ಪುತ್ತದೆ. ‘ದೆ’ ಮುಚ್ಚಿದ ನಾಲ್ಕು ವಾಕ್ಯ, ‘ನಿ’ ಮುಚ್ಚಿದ ನಾಲ್ಕು ವಾಕ್ಯ ಮಾಡಿ, ಒಂದೇ ದಿನ ಅಲ್ಲದೆ ವಾರವಿಡೀ ಚದುರಿಸಿ ಸೇರಿಸಿ. ಕ್ರಿಯೆ ನಡೆಯುವ ಜಾಗಕ್ಕೂ ಸುಮ್ಮನೆ ಇರುವ ಜಾಗಕ್ಕೂ ಇರುವ ಭೇದ ವಾಕ್ಯಗಳಿಂದಲೇ ಕೂತುಕೊಳ್ಳುತ್ತದೆ. ಜರ್ಮನ್ ನಾಮಪದಗಳಿಗೂ ಇದೇ ಕ್ರಮ. ಲಿಂಗ ತೋರಿಸುವ ದೆರ್, ದೀ, ದಾಸ್ ಇಲ್ಲದೆ ನಾಮಪದವನ್ನು ಒಮ್ಮೆಯೂ ಬರೆಯಬೇಡಿ, ಬಹುವಚನವನ್ನೂ ಜೊತೆಗೇ ಇಡಿ. ಬರಿಯ ಪದ ಕಲಿತು ಲಿಂಗವನ್ನು ಆಮೇಲೆ ಸೇರಿಸಲು ಹೊರಟರೆ ಅದೇ ಕೆಲಸ ಎರಡು ಸಲ.

ಮುಂದಿನ ಪ್ರಶ್ನೆ ದಿಕ್ಕಿನದು. ವಿದೇಶಿ ಪದ ನೋಡಿ ಅರ್ಥ ಹೇಳುವುದು ಓದಿಗೆ, ಕೇಳ್ಮೆಗೆ ಸಾಕು. ಅರ್ಥ ನೋಡಿ ಪದ ಹೇಳುವುದು ಮಾತಿಗೆ ಬೇಕು, ಆದರೆ ಎರಡು ಪಟ್ಟು ಕಷ್ಟ, ಭಾರವೂ ಹೆಚ್ಚು. ಎಲ್ಲ ಪದಕ್ಕೂ ಎರಡೂ ದಿಕ್ಕಿನ ಕಾರ್ಡು ಮಾಡಿದರೆ ಮೇಲಿನ ಲೆಕ್ಕವೆಲ್ಲ ದುಪ್ಪಟ್ಟಾಗುತ್ತದೆ. ದಿನದ ಮಾತಿಗೆ ಬೇಕಾಗುವ ಪದಗಳಿಗೆ ಮಾತ್ರ ಹಿಮ್ಮುಖ ಕಾರ್ಡು ಮಾಡಿ. ಆಗ ಒಂದೇ ಪದದ ಎರಡು ಕಾರ್ಡು ಒಂದೇ ದಿನ ಬಾರದಂತೆ ಡೆಕ್ ಆಯ್ಕೆಗಳಲ್ಲಿ ಸಿಬ್ಲಿಂಗ್‌ಗಳನ್ನು (ಒಂದೇ ಪದದ ಜೊತೆ ಕಾರ್ಡುಗಳನ್ನು) ‘ಬರಿ’ ಮಾಡುವ, ಅಂದರೆ ಆ ದಿನದ ಮಟ್ಟಿಗೆ ಮರೆಮಾಡುವ, ಗುರುತು ಹಾಕಿ. ಒಂದು ಕಾರ್ಡು ಈಗತಾನೇ ಕೊಟ್ಟ ಉತ್ತರವನ್ನು ಇನ್ನೊಂದು ಕೇಳಿದರೆ ಅದು ಪರೀಕ್ಷೆಯಲ್ಲ.

ಇನ್ನೊಂದು ಎಚ್ಚರಿಕೆ: ಬಣ್ಣಗಳೆಲ್ಲ ಒಂದೇ ದಿನ, ದೇಹದ ಅಂಗಗಳೆಲ್ಲ ಒಂದೇ ದಿನ, ವಿರುದ್ಧಾರ್ಥದ ಜೋಡಿಗಳೆಲ್ಲ ಒಟ್ಟಿಗೆ ಎಂಬ ಪಠ್ಯಪುಸ್ತಕದ ಕ್ರಮವನ್ನು ಕಾರ್ಡಿಗೆ ತರಬೇಡಿ. ಅರ್ಥದಲ್ಲಿ ಹತ್ತಿರದ ಹೊಸ ಪದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ‘ಎಡ’ ಗಟ್ಟಿಯಾದ ಮೇಲೆ ‘ಬಲ’ ಸೇರಿಸಿ.

ಅಂತರವನ್ನು ಪ್ರೋಗ್ರಾಂ ಹೇಗೆ ಲೆಕ್ಕ ಹಾಕುತ್ತದೆ

1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ ಮರೆವನ್ನು ಅಳೆದದ್ದರಿಂದ ಈ ದಾರಿ ಶುರುವಾಗುತ್ತದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅದನ್ನು ಕಾಗದದ ಕಾರ್ಡು ಮತ್ತು ಖಾನೆಗಳ ಪೆಟ್ಟಿಗೆಗೆ ಇಳಿಸಿದ. ಸರಿಯಾದರೆ ಮುಂದಿನ ಖಾನೆ, ತಪ್ಪಾದರೆ ಮತ್ತೆ ಮೊದಲನೆಯದು. 1987ರಲ್ಲಿ ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ ಕಂಪ್ಯೂಟರಿಗೆ ಬರೆದ ಎಸ್‌ಎಂ-2 ಸೂತ್ರದ ಮಾರ್ಪಾಡೊಂದು ಆಂಕಿಯಲ್ಲಿ ಬಹುಕಾಲ ನಡೆಯಿತು, ಈಗಲೂ ಇದೆ. ಅದರಲ್ಲಿ ಪ್ರತಿ ಕಾರ್ಡಿಗೂ ಮೊದಲಿಗೆ 250 ಶೇಕಡಾ ‘ಈಸ್’, ಅಂದರೆ ಅಂತರ ಹಿಗ್ಗುವ ಪ್ರಮಾಣ, ಇರುತ್ತದೆ. ಕಾರ್ಡು ತಿರುಗಿಸಿದ ಮೇಲೆ ನೆನಪು ಹೇಗಿತ್ತೆಂದು ಹೇಳಲು ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕು ಗುಂಡಿಗಳಿವೆ. ಗುಡ್ ಒತ್ತಿದಾಗ ಅಂತರ ಎರಡೂವರೆ ಪಟ್ಟಾಗುತ್ತದೆ. ಅಗೇನ್ ಒತ್ತಿದರೆ ಈಸ್ 20 ಇಳಿಯುತ್ತದೆ, ಹಾರ್ಡ್ ಒತ್ತಿದರೆ 15 ಇಳಿಯುತ್ತದೆ, ಈಸಿ ಒತ್ತಿದರೆ 15 ಏರುತ್ತದೆ. ಗುಡ್ ಎಷ್ಟು ಸಲ ಒತ್ತಿದರೂ ಇಳಿದದ್ದು ಮೇಲೆ ಬರುವುದಿಲ್ಲ. ಹಾಗೆ ಕೆಲವು ಕಾರ್ಡುಗಳು ಕೆಳಮಿತಿಯಾದ 130ಕ್ಕೆ ಬಿದ್ದು 10 ದಿನ, 13 ದಿನ, 17 ದಿನ ಎಂದು ತೆವಳುತ್ತ, ಗಟ್ಟಿಯಾಗಿ ಗೊತ್ತಿದ್ದರೂ ಎದುರಿಗೆ ಬರುತ್ತಲೇ ಇರುತ್ತವೆ.

2023ರ 23.10 ಆವೃತ್ತಿಯಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕ ಆಂಕಿಯಲ್ಲೇ ಸೇರಿದೆ. ಹೊಸದಾಗಿ ಶುರುಮಾಡುವವರು ಮೊದಲ ದಿನವೇ ಡೆಕ್ ಆಯ್ಕೆಗಳಲ್ಲಿ ಅದನ್ನು ಆನ್ ಮಾಡಿಬಿಡಿ. ಅದು ಪ್ರತಿ ಕಾರ್ಡಿಗೂ ಮೂರು ವಿಷಯ ಲೆಕ್ಕ ಇಡುತ್ತದೆ: ಎಷ್ಟು ಕಷ್ಟ, ನೆನಪು ಎಷ್ಟು ಗಟ್ಟಿ, ಈ ಕ್ಷಣ ನೆನಪಾಗುವ ಸಂಭವ ಎಷ್ಟು. ನೆನಪಾಗುವ ಸಂಭವ ನೂರರಿಂದ ತೊಂಬತ್ತು ಶೇಕಡಾಕ್ಕೆ ಇಳಿಯಲು ಎಷ್ಟು ದಿನ ಬೇಕೋ ಅದೇ ಗಟ್ಟಿತನದ ಅಳತೆ. ನೀವು ಕೊಡಬೇಕಾದದ್ದು ಒಂದೇ ಸಂಖ್ಯೆ, ಡಿಸೈರ್ಡ್ ರಿಟೆನ್ಶನ್, ಅಂದರೆ ಕೇಳಿದಾಗ ಎಷ್ಟು ಪಾಲು ನೆನಪಿರಬೇಕು ಎಂಬುದು. ಮೊದಲಿಗೆ ಅದು 0.90 ಇರುತ್ತದೆ, ಹಾಗೇ ಬಿಡಿ. ಪರೀಕ್ಷೆ ಹತ್ತಿರವೆಂದು 0.95 ಮಾಡಿದರೆ ಅಂತರಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ, ಅಂದರೆ ಕೆಲಸ ದುಪ್ಪಟ್ಟಿನ ಹತ್ತಿರ. 0.85ಕ್ಕೆ ಇಳಿಸಿದರೆ ಅಂತರಗಳು ಒಂದೂವರೆ ಪಟ್ಟಿನಷ್ಟು ಹಿಗ್ಗುತ್ತವೆ. ದಿನವೂ ಆ ಭಾಷೆಯಲ್ಲಿ ಹೆಚ್ಚು ಓದುವವರಿಗೆ ಇದು ಒಳ್ಳೆಯದು, ಏಕೆಂದರೆ ಕಾರ್ಡು ಬಾರದ ದಿನ ಪದವೇ ಓದಿನಲ್ಲಿ ಬಂದುಹೋಗುತ್ತದೆ. ತಿಂಗಳಿಗೊಮ್ಮೆ ಆಪ್ಟಿಮೈಜ್ ಗುಂಡಿ ಒತ್ತಿ. ಅದು ನಿಮ್ಮ ಹಿಂದಿನ ಉತ್ತರಗಳನ್ನೆಲ್ಲ ನೋಡಿ ಲೆಕ್ಕವನ್ನು ನಿಮ್ಮ ನೆನಪಿಗೆ ಹೊಂದಿಸಿಕೊಳ್ಳುತ್ತದೆ. ಲರ್ನಿಂಗ್ ಸ್ಟೆಪ್ಸ್ (ಹೊಸ ಕಾರ್ಡನ್ನು ಮೊದಮೊದಲು ಮತ್ತೆ ತೋರಿಸುವ ಅಂತರಗಳು) ಒಂದು ದಿನದೊಳಗೇ ಇರಲಿ, ಮೊದಲೇ ಇರುವ 1 ನಿಮಿಷ, 10 ನಿಮಿಷ ಸಾಕು. ಎರಡು ಮೂರು ದಿನದ ಹೆಜ್ಜೆಗಳನ್ನು ನೀವೇ ತುಂಬಿದರೆ ಎಫ್‌ಎಸ್‌ಆರ್‌ಎಸ್‌ಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಗುಂಡಿಗಳ ವಿಷಯದಲ್ಲಿ ಒಂದು ತಪ್ಪು ಎಷ್ಟು ಸಾಮಾನ್ಯವೋ ಅಷ್ಟೇ ಹಾನಿಕರ. ಮರೆತಾಗ ಅಗೇನ್ ಒತ್ತಲು ಮನಸ್ಸಾಗದೆ ಹಾರ್ಡ್ ಒತ್ತುವುದು. ಪ್ರೋಗ್ರಾಮಿನ ಲೆಕ್ಕದಲ್ಲಿ ಹಾರ್ಡ್ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದು. ಮರೆತದ್ದಕ್ಕೆಲ್ಲ ಹಾರ್ಡ್ ಒತ್ತಿದರೆ ನಿಮ್ಮ ನೆನಪು ಇರುವುದಕ್ಕಿಂತ ಎಷ್ಟೋ ಗಟ್ಟಿ ಎಂದು ಅದು ನಂಬಿ ಎಲ್ಲ ಅಂತರಗಳನ್ನೂ ಹಿಗ್ಗಿಸುತ್ತದೆ. ಮರೆತರೆ ಅಗೇನ್, ನೆನಪಾದರೆ ಗುಡ್. ಈ ಎರಡೇ ಗುಂಡಿಯಲ್ಲಿ ವರ್ಷಗಟ್ಟಲೆ ನಡೆಸಬಹುದು. ಉತ್ತರ ಹತ್ತು ಸೆಕೆಂಡಿನಲ್ಲಿ ಬಾರದಿದ್ದರೆ ಮರೆತಂತೆಯೇ, ತಿರುಗಿಸಿ ನೋಡಿ ಮುಂದಕ್ಕೆ ಹೋಗಿ. ಮಾತಿನ ನಡುವೆ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಬಾಕಿ ಬಿದ್ದಾಗ, ಒಂದೇ ಕಾರ್ಡು ಕಾಡಿದಾಗ

ಜ್ವರ, ಪ್ರಯಾಣ, ಪರೀಕ್ಷೆ ಯಾವುದೋ ಬಂದು ಎರಡು ವಾರ ತಪ್ಪಿದರೆ ಸಾವಿರ ಕಾರ್ಡು ಬಾಕಿ ಬೀಳುವುದು ಸಹಜ. ಡೆಕ್ಕನ್ನು ಅಳಿಸಿ ಮೊದಲಿನಿಂದ ಶುರುಮಾಡಬೇಡಿ. ಹೊಸ ಕಾರ್ಡಿನ ಮಿತಿಯನ್ನು ಸೊನ್ನೆ ಮಾಡಿ. ಪುನರಾವರ್ತನೆಯ ಮಿತಿಯನ್ನು ನಿಮ್ಮಿಂದ ಆಗುವಷ್ಟಕ್ಕೆ, 120 ಎಂದುಕೊಳ್ಳಿ, ಇಳಿಸಿ. ಡಿಸ್‌ಪ್ಲೇ ಆರ್ಡರ್ ಭಾಗದಲ್ಲಿ ಪುನರಾವರ್ತನೆಯ ಕ್ರಮವನ್ನು ರಿಟ್ರೀವಬಿಲಿಟಿ (ನೆನಪಾಗುವ ಸಂಭವ) ಇಳಿಯುವ ಕ್ರಮಕ್ಕೆ ಬದಲಿಸಿ. ಇನ್ನೂ ನೆನಪಿರುವ ಸಂಭವ ಹೆಚ್ಚಿರುವ ಕಾರ್ಡುಗಳು ಮೊದಲು ಬಂದು ಉಳಿದುಕೊಳ್ಳುತ್ತವೆ. ಹೇಗೂ ಮರೆತುಹೋಗಿರುವವು ಇನ್ನು ಹತ್ತು ದಿನ ಕಾದರೂ ಅದಕ್ಕಿಂತ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಬಾಕಿ ತೀರಿದ ಮೇಲೆ ಹೊಸ ಕಾರ್ಡನ್ನು ದಿನಕ್ಕೆ ಐದರಿಂದ ಮತ್ತೆ ಆರಂಭಿಸಿ.

ಎಂಟು ಸಲ ಮರೆತ ಕಾರ್ಡಿಗೆ ಆಂಕಿ ‘ಲೀಚ್’ ಎಂಬ ಗುರುತು ಹಾಕುತ್ತದೆ. ಇವುಗಳ ಸಂಖ್ಯೆ ಕಡಿಮೆಯಿದ್ದರೂ ದಿನದ ಹೊತ್ತನ್ನು ತಿನ್ನುವುದು ಇವೇ. ಹಟ ಹಿಡಿದು ಅದೇ ಕಾರ್ಡನ್ನು ಒತ್ತುತ್ತ ಕೂರಬೇಡಿ. ವಾರಕ್ಕೊಮ್ಮೆ ಆಂಕಿಯೊಳಗಿನ ಕಾರ್ಡು ಬ್ರೌಸರಿನಲ್ಲಿ ಲೀಚ್‌ಗಳನ್ನು ಹುಡುಕಿ ಒಂದೊಂದನ್ನೂ ನೋಡಿ. ಇನ್ನೊಂದು ಪದದೊಡನೆ ಕಲಸಿದೆಯೇ? ಹಾಗಿದ್ದರೆ ಎರಡನ್ನೂ ಒಟ್ಟಿಗೆ ತೋರಿಸಿ ಭೇದ ಕೇಳುವ ಕಾರ್ಡು ಮಾಡಿ, ಒಂದನ್ನು ತಿಂಗಳ ಮಟ್ಟಿಗೆ ಸಸ್ಪೆಂಡ್ ಮಾಡಿ (ಅಳಿಸದೆ ತಡೆಹಿಡಿಯಿರಿ). ವಾಕ್ಯ ಅರ್ಥವಾಗದ್ದೇ? ವಾಕ್ಯ ಬದಲಿಸಿ. ಈ ಎರಡೂ ಅಲ್ಲ, ಪದವೇ ಅಪರೂಪದ್ದು ಎಂದಾದರೆ ಅಳಿಸಿಬಿಡಿ. ನಿಜವಾಗಿ ಬೇಕಾದ ಪದವಾದರೆ ಓದಿನಲ್ಲಿ ತಾನೇ ತಿರುಗಿ ಬರುತ್ತದೆ.

ತಾಂತ್ರಿಕ ಬಲೆಗಳು

ಫೋನು ಕಂಪ್ಯೂಟರು ಎರಡರಲ್ಲೂ ಬಳಸಲು ಆಂಕಿವೆಬ್‌ನಲ್ಲಿ ಉಚಿತ ಖಾತೆ ತೆರೆದು ಸಿಂಕ್ ಮಾಡಬೇಕು. ಎರಡನೆಯ ಸಾಧನದ ಮೊದಲ ಸಿಂಕ್‌ನಲ್ಲಿ ಅಪ್‌ಲೋಡೋ ಡೌನ್‌ಲೋಡೋ ಎಂದು ಕೇಳಿದರೆ, ಖಾಲಿಯಿರುವ ಹೊಸ ಸಾಧನದಲ್ಲಿ ಡೌನ್‌ಲೋಡ್ ಒತ್ತಿ. ಅಲ್ಲಿ ಅಪ್‌ಲೋಡ್ ಒತ್ತಿದರೆ ಖಾಲಿ ಸಂಗ್ರಹವೇ ಮೇಲೆ ಹೋಗಿ ನಿಮ್ಮ ತಿಂಗಳುಗಳ ಕೆಲಸವನ್ನು ಮುಚ್ಚಿಹಾಕುತ್ತದೆ. ಹಾಗಾದರೆ ಹಳೆಯ ಸಾಧನದಲ್ಲಿ ಸಿಂಕ್ ಒತ್ತದೆ ನಿಲ್ಲಿ, ಕಂಪ್ಯೂಟರಿನ ಆಂಕಿ ತಾನಾಗಿ ಇಟ್ಟುಕೊಂಡ ಬ್ಯಾಕಪ್ ಇರುತ್ತದೆ. ಸ್ವಿಚ್ ಪ್ರೊಫೈಲ್ ಪರದೆಯಿಂದ ಅದನ್ನು ತೆರೆಯಬಹುದು.

ಪದಪಟ್ಟಿಯನ್ನು ಸ್ಪ್ರೆಡ್‌ಶೀಟಿನಿಂದ ತರುವಾಗ ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ. ಇಲ್ಲವಾದರೆ ಕನ್ನಡವೂ ಜಪಾನಿಯೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುತ್ತವೆ. ಆಂಕಿ ಮೊದಲ ಖಾನೆಯನ್ನು ನೋಡಿ ಎರಡು ನೋಟು (ಕಾರ್ಡು ಹುಟ್ಟುವ ದಾಖಲೆ) ಒಂದೇ ಎಂದು ತೀರ್ಮಾನಿಸುವುದರಿಂದ, ಒಂದೇ ಬರಹದ ಎರಡು ಬೇರೆ ಪದಗಳಿದ್ದರೆ ಒಂದು ಇನ್ನೊಂದನ್ನು ಅಳಿಸಿಹಾಕಬಹುದು. ಮೊದಲ ಖಾನೆಗೆ ಪದದ ಬದಲು ಇಡೀ ವಾಕ್ಯವನ್ನೋ ಕ್ರಮಸಂಖ್ಯೆಯನ್ನೋ ಇಟ್ಟರೆ ಈ ತೊಂದರೆ ತಪ್ಪುತ್ತದೆ.

ಜಪಾನೀ ಕಲಿಯುವವರು ಗಮನಿಸಬೇಕಾದ ಇನ್ನೊಂದು ಸಂಗತಿ. ಯೂನಿಕೋಡಿನಲ್ಲಿ ಹಲವು ಚೀನೀ ಮತ್ತು ಜಪಾನೀ ಅಕ್ಷರಗಳಿಗೆ ಒಂದೇ ಸಂಕೇತ, ಆದರೆ ಎರಡು ದೇಶದಲ್ಲಿ ಬರೆಯುವ ರೂಪ ಸ್ವಲ್ಪ ಬೇರೆ. ಫೋನು ಚೀನೀ ಫಾಂಟನ್ನು ಎತ್ತಿಕೊಂಡರೆ ಗೆರೆಗಳು ತಪ್ಪು ರೂಪದಲ್ಲಿ ಕಣ್ಣಿಗೆ ಕೂರುತ್ತವೆ. ಕಾರ್ಡಿನ ಟೆಂಪ್ಲೇಟಿನಲ್ಲಿ ಆ ಭಾಗದ ಭಾಷೆ ಜಪಾನೀ ಎಂದು ಲ್ಯಾಂಗ್ ಗುರುತು ಹಾಕಿ, ಅಥವಾ ಜಪಾನೀ ಫಾಂಟಿನ ಹೆಸರು ಕೊಡಿ. ಟೈಪ್ ಮಾಡಿ ಉತ್ತರ ಕೊಡುವ ಕಾರ್ಡು ಮಾಡುವವರು ಆ ಭಾಷೆಯ ಕೀಬೋರ್ಡನ್ನು ಮೊದಲೇ ಸೇರಿಸಿಕೊಳ್ಳಿ. ಜರ್ಮನ್ ವಿನ್ಯಾಸದಲ್ಲಿ ವೈ ಮತ್ತು ಜಡ್ ಕೀಲಿಗಳು ಅದಲುಬದಲಾಗಿರುತ್ತವೆ, ಒಂದು ವಾರ ಕೈ ತಪ್ಪುತ್ತದೆ.

ಆಟದಂಥ ಆ್ಯಪ್‌ಗಳನ್ನು ಏನು ಮಾಡುವುದು

ಡ್ಯುಯೊಲಿಂಗೊ ಥರದ ಆ್ಯಪ್‌ಗಳಿಂದ ಲಿಪಿ, ಎಣಿಕೆ, ಮೊದಲ ನೂರಾರು ವಾಕ್ಯಗಳು ಚೆನ್ನಾಗಿ ಬರುತ್ತವೆ. ಮೊದಲ ಎರಡು ಮೂರು ತಿಂಗಳು ಖಂಡಿತ ಬಳಸಿ. ಅವುಗಳ ದೌರ್ಬಲ್ಯ ಒಂದೇ: ಪದಗಳನ್ನು ಕೆಳಗೆ ಹರಡಿ ಆರಿಸಲು ಹೇಳುವಾಗ ಕೆಲಸ ಮಾಡುವುದು ಗುರುತಿಸುವ ಶಕ್ತಿ, ನೆನಪು ಮಾಡಿಕೊಳ್ಳುವ ಶಕ್ತಿಯಲ್ಲ. ಉತ್ತರ ಕಣ್ಣೆದುರಿಗೇ ಇರುತ್ತದೆ. ಇದನ್ನು ನೀವೇ ಸರಿಪಡಿಸಿಕೊಳ್ಳಬಹುದು. ಪರದೆಯ ಕೆಳಭಾಗವನ್ನು ಕೈಯಿಂದ ಮುಚ್ಚಿ, ಪೂರ್ತಿ ವಾಕ್ಯವನ್ನು ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಪದ ಜೋಡಿಸಿ. ಕೀಬೋರ್ಡಿನಿಂದ ಬರೆಯುವ ಆಯ್ಕೆಯಿದ್ದ ಕಡೆ ಅದನ್ನೇ ಹಾಕಿಕೊಳ್ಳಿ. ಸತತ ಎಷ್ಟು ದಿನ ತೆರೆದಿರಿ ಎಂಬ ಎಣಿಕೆಗೆ ಬೆಲೆ ಕೊಡಬೇಡಿ, ಒಂದು ನಿಮಿಷದ ಪಾಠವೂ ಅದರಲ್ಲಿ ಒಂದು ದಿನವೇ.

ಕಿವಿಯಿಂದ ಕೇಳಿ ಕಲಿಯುವ ಪಿಮ್ಸ್ಲರ್ ಪಾಠಗಳು ಬೇರೆ ಜಾತಿಯವು. ಪಾಲ್ ಪಿಮ್ಸ್ಲರ್ 1967ರಲ್ಲಿ ಪ್ರಕಟಿಸಿದ ವೇಳಾಪಟ್ಟಿಯಲ್ಲಿ ಹೊಸ ಪದವನ್ನು 5 ಸೆಕೆಂಡ್, 25 ಸೆಕೆಂಡ್, 2 ನಿಮಿಷ, 10 ನಿಮಿಷ, 1 ಗಂಟೆ ಹೀಗೆ ಸುಮಾರು ಐದೈದು ಪಟ್ಟು ಹಿಗ್ಗುವ ಅಂತರದಲ್ಲಿ ಕೇಳಬೇಕೆಂದಿದೆ. ಕಿವಿ ಬಾಯಿ ಎರಡಕ್ಕೂ ಕೆಲಸ ಕೊಡುತ್ತವೆ, ಪದಸಂಖ್ಯೆ ಮಾತ್ರ ಕಡಿಮೆ. ನಡೆಯುತ್ತ ಕೇಳಲು ಇವಕ್ಕಿಂತ ಒಳ್ಳೆಯವು ಕಡಿಮೆ.

ಮಾತಾಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ನೀವು ಬರೆದ ಆರು ಸಾಲನ್ನು ತಿದ್ದಲು ಉಪಯುಕ್ತ. ನೀವು ಬರೆದದ್ದನ್ನು ಕೊಟ್ಟು, ತಪ್ಪುಗಳನ್ನು ಮಾತ್ರ ತೋರಿಸು, ಶೈಲಿ ಬದಲಿಸಬೇಡ ಎಂದು ಹೇಳಿ. ವ್ಯಾಕರಣದ ವಿವರಣೆಯನ್ನು ಮಾತ್ರ ಹಾಗೇ ನಂಬಬೇಡಿ, ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ತಿದ್ದಿಸಿಕೊಂಡ ವಾಕ್ಯವನ್ನು, ಒಂದು ನಂಬಿಕೆಯ ವ್ಯಾಕರಣ ಪುಸ್ತಕದಲ್ಲಿ ನೋಡಿ ಖಚಿತಪಡಿಸಿಕೊಂಡು, ಕ್ಲೋಜ್ ಕಾರ್ಡು ಮಾಡಿ. ಸ್ವಂತ ತಪ್ಪಿನಿಂದ ಹುಟ್ಟಿದ ಕಾರ್ಡಿಗಿಂತ ಹೆಚ್ಚು ಕೆಲಸ ಮಾಡುವ ಕಾರ್ಡು ಇನ್ನೊಂದಿಲ್ಲ.

ಓದಲು ಏನು, ಎಷ್ಟು

ಇಂಗ್ಲಿಷಿನ ಬಗ್ಗೆ ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಬರಹದಲ್ಲಿ 98 ಶೇಕಡಾ ಪದಗಳು ಗೊತ್ತಿರಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು (ಒಂದು ಮೂಲಪದದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಬೇಕು, ಮಾತಿಗೆ ಆರರಿಂದ ಏಳು ಸಾವಿರ. 98 ಶೇಕಡಾ ಎಂದರೆ ಐವತ್ತು ಪದಕ್ಕೆ ಒಂದು ಗೊತ್ತಿಲ್ಲದ ಪದ. ಆ ಮಟ್ಟದಲ್ಲಿ ನಿಘಂಟಿಲ್ಲದೆ ಓದು ಸಾಗುತ್ತದೆ, ಹೊಸ ಪದದ ಅರ್ಥ ಸುತ್ತಲಿನ ಮಾತಿನಿಂದಲೇ ಹೊಳೆಯುತ್ತದೆ. ಇದನ್ನು ಪಠ್ಯ ಆರಿಸುವ ಅಳತೆಯಾಗಿ ಬಳಸಿ. ಒಂದು ಪುಟದಲ್ಲಿ ನೂರು ಪದ ಎಣಿಸಿ. ಗೊತ್ತಿಲ್ಲದ್ದು ಎರಡಿದ್ದರೆ ಆರಾಮವಾಗಿ ಓದಿ, ಕಾರ್ಡು ಮಾಡಬೇಡಿ. ಐದರವರೆಗಿದ್ದರೆ ನಿಘಂಟು ಇಟ್ಟುಕೊಂಡು ಓದಿ, ಕಾರ್ಡುಗಳನ್ನು ಎತ್ತಬೇಕಾದ್ದು ಇಲ್ಲಿಂದಲೇ. ಹತ್ತಿದ್ದರೆ ಪುಸ್ತಕ ಮುಚ್ಚಿಡಿ, ಆರು ತಿಂಗಳ ಮೇಲೆ ತೆಗೆಯಿರಿ.

ವೆಬ್ ಬ್ರೌಸರಿನಲ್ಲಿ ಪದದ ಮೇಲೆ ಮೌಸ್ ಇಟ್ಟರೆ ಅರ್ಥ ತೋರಿಸಿ, ಒಂದೇ ಒತ್ತಿನಲ್ಲಿ ಆಂಕಿಗೆ ಕಳಿಸುವ ಯೋಮಿತನ್ ಥರದ ಸಾಧನಗಳಿವೆ. ಕಾರ್ಡು ಮಾಡುವ ಹೊತ್ತನ್ನು ಅವು ಸೆಕೆಂಡುಗಳಿಗೆ ಇಳಿಸುತ್ತವೆ. ಅಪಾಯವೂ ಅಲ್ಲೇ ಇದೆ, ಒಂದು ಸಂಜೆಯಲ್ಲಿ ಎಂಬತ್ತು ಕಾರ್ಡು ಸೇರಿಬಿಡುತ್ತವೆ. ಓದುವಾಗ ಎಷ್ಟು ಬೇಕಾದರೂ ಕಳಿಸಿ, ಆದರೆ ವಾರಕ್ಕೊಮ್ಮೆ ಆ ಹೊಸ ಸಾಲನ್ನು ತೆರೆದು ಓದಿನಲ್ಲಿ ಎರಡನೇ ಸಲ ಕಂಡ ಪದಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸಿ.

ಕೇಳ್ಮೆಗೆ, ಬರಹವೂ ಧ್ವನಿಯೂ ಇರುವ ಎರಡು ಮೂರು ನಿಮಿಷದ ತುಣುಕು ಆರಿಸಿ. ಮೊದಲು ಬರಹ ನೋಡದೆ ಎರಡು ಸಲ ಕೇಳಿ, ಆಮೇಲೆ ಬರಹ ನೋಡುತ್ತ ಒಂದು ಸಲ, ಕೇಳಿಸದೆ ಹೋದ ಜಾಗಗಳಿಗೆ ಗುರುತು ಹಾಕಿ. ಆ ಜಾಗಗಳಲ್ಲಿ ಪದವೇ ಗೊತ್ತಿರಲಿಲ್ಲವೋ, ಗೊತ್ತಿದ್ದ ಪದ ವೇಗದಲ್ಲಿ ಕರಗಿಹೋಯಿತೋ ಬೇರೆ ಮಾಡಿ ನೋಡಿ. ಗೊತ್ತಿಲ್ಲದ ಪದಕ್ಕೆ ಸಾಮಾನ್ಯ ಕಾರ್ಡು ಸಾಕು. ಕರಗಿದ್ದಕ್ಕೆ ಆ ನಾಲ್ಕು ಸೆಕೆಂಡನ್ನು ಆಡಾಸಿಟಿಯಲ್ಲಿ ಕತ್ತರಿಸಿ, ಎಂಪಿ3 ಮಾಡಿ, ಮುಂಭಾಗದಲ್ಲಿ ಧ್ವನಿ ಮಾತ್ರ ಇರುವ ಕಾರ್ಡು ಮಾಡಿ. ಪ್ಲೇಯರಿನ ವೇಗವನ್ನು 0.8ಕ್ಕಿಂತ ಕೆಳಗೆ ಇಳಿಸಬೇಡಿ, ಅದಕ್ಕಿಂತ ನಿಧಾನವಾದರೆ ಪದಗಳು ಒಂದಕ್ಕೊಂದು ಅಂಟುವ ರೀತಿಯೇ ಕಾಣದಾಗುತ್ತದೆ, ನೀವು ಕಲಿಯಬೇಕಾಗಿದ್ದುದೇ ಅದು.

ಹೀಗೆ ಐದಾರು ಸಾವಿರ ಕಾರ್ಡು ದಾಟಿದ ಮೇಲೆ ಹೊಸ ಕಾರ್ಡಿನ ಮಿತಿಯನ್ನು ಎರಡು ಮೂರಕ್ಕೆ ಇಳಿಸಿ ಆ ಹೊತ್ತನ್ನು ಓದಿಗೆ ಕೊಡಬಹುದು. ಅಂತರ ಒಂದು ವರ್ಷ ಮೀರಿದ ಕಾರ್ಡುಗಳನ್ನು ಆಂಕಿಯ ಬ್ರೌಸರಿನಲ್ಲಿ ಹುಡುಕಿ, ಓದಿನಲ್ಲಿ ದಿನವೂ ಕಾಣುವ ಪದಗಳದ್ದಾದರೆ ಸಸ್ಪೆಂಡ್ ಮಾಡಿ. ಅಳಿಸಬೇಡಿ, ಅವುಗಳ ಉತ್ತರಗಳ ಇತಿಹಾಸ ಆಪ್ಟಿಮೈಜ್ ಮಾಡುವಾಗ ಬೇಕಾಗುತ್ತದೆ.